ಕೈ ನಿಂತರ

ಬೆಟಗೇರಿಯ ಈ ಓಣಿಗೆ ಮೂರನೇ ಸಲ ಬಂದೀನಿ,
ಸ್ಕೂಟರಿಗೆ ಏಣಿ ಅಡ್ಡ ಕಟಗೊಂಡು.
ಕಂಪ್ಲೇಂಟು ಹಳೇದ: ವಿಡಿಯೋ ನಿಲ್ಲತದ.
ಯಾರ ಮನ್ಯಾಗ ನಿಲ್ಲೂದಿಲ್ಲರೀ, ಅಂದಿದ್ದೆ ಹಿಂದಿನ ಎರಡೂ ಸಲ,
ಕಂಬದಿಂದ ಲೈನು ಛಲೋ ಅದ,
ಐವತ್ತಂದ್ರ ಐವತ್ತು ತೋರಸತದ, ಸಹಿ ಮಾಡ್ರಿ.

ಈ ಸಲ ಏಕನಾಥಸಾ ಸಹಿ ಮಾಡಲಿಲ್ಲ.
ಕುಣಿಮಗ್ಗದಿಂದ ಮ್ಯಾಲೆದ್ದು, ಕೈ ಒರಸಿಕೊಂಡು,
ಸೀರಿ ಲೆಕ್ಕದ ವಹಿಯ ಕಡೀ ಹಾಳಿಯೊಳಗ
ಪೆನ್ಸಿಲ್ಲಿಲೆ ಬರದು ನನ್ನ ಮುಂದ ಹಿಡದ:
'ನಿಮಗ ಚಿತ್ರ ನಿಂತರ ದನಿ ಇರತದ.
ನಮಗ ಕೈ ನಿಂತರ
ಮಾತ ನಿಂತಂಗ.'

ಆಮ್ಯಾಲ ಗ್ವಾಡಿ ತೋರಿಸಿದ.

ಹೊಸಾ ಸುಣ್ಣ. ಅದರ ಮ್ಯಾಲ ಆಳೆತ್ತರದ ಹೆಣ್ಣುಮಗಳು,
ಇಂದೂರಿನಾಕಿ, ಶನಿವಾರಕ್ಕೊಮ್ಮೆ
ಕೈಲೆ ಕತಿ ಹೇಳಾಕಿ, ಅಲ್ಲಿ ಹೇಳಿದ್ದು ಇಲ್ಲಿ ಆಗಿಂದಾಗ.
ತುಳಜಾಬಾಯಿ, ಆ ಮನ್ಯಾಗ ಕಿವಿ ಕೇಳೋ ಒಬ್ಬಾಕಿ,
ನನ್ನ ಬಾಜೂಕ ನಿಂತು ಬಿಡಿಸಿ ಹೇಳಿದಳು:
ಒಂಟಿಗೆ ಅಂಗಿ ಹೊಲಿಯಾಕ ಹೋದ ಸಿಂಪಿಗನ ಕತಿ.
ಕೊಳ್ಳು ಅಳದ. ಟೇಪು ಸಾಲಲಿಲ್ಲ.
ಕತ್ತರಿ ತಗೊಂಡು ಅವ ಏನ—

ಅಲ್ಲೇ ಆಕಿ ಐದೂ ಬೆರಳು ಕರಗಿ
ನಾದಿಟ್ಟ ಜ್ವಾಳದ ಹಿಟ್ಟಿನಂಗ ಒಂದ ಮುದ್ದಿ.
ನಡುವ ಬಿಳೀ ಗಾಲಿ ತಿರಗತು.
ಬೆರಳು ಮತ್ತ ಬಂದಾಗ ಸಿಂಪಿಗ ಓಡಾಕತ್ತಿದ್ದ.
ಯಾಕ ಓಡಿದ?
ಚಾಪಿ ಮ್ಯಾಲ ಕುಂತ ಒಂಬತ್ತು ಮಂದಿ
ಒಬ್ಬರ ಮಾರಿ ಒಬ್ಬರು ನೋಡಿದರು.

ಫೋನ್ ತಗದು ಗಾಳಿ ನೋಡಿದೆ.
ಹದಿನಾಕು ಮನಿ ವೈಫೈ:
'ಅಂಬಾಭವಾನಿ ಸಾರೀಸ್', 'ಮ್ಯಾಲಿನ ಮನಿ',
'ಪಾಸ್‌ವರ್ಡ್ ಕೇಳಬ್ಯಾಡ'.
ಎಲ್ಲಾ ಹಳೇ ಡಬ್ಬಿ, ಎಲ್ಲಾ ಎರಡೂ ನಾಕರ ಹಾದಿ,
ಸಂತಿ ಬಿಟ್ಟಾಗ ಒಂದ ಸಂದ್ಯಾಗ ನುಗ್ಗಿದಂಗ.

ಇದನ್ನ ಅವಗ ಹೆಂಗ ತಿಳಿಸೂದು?
ಮುಂದ ಮಗ್ಗ ಇತ್ತು. ವಹಿ ಇಸಗೊಂಡು ಬರದೆ:
ಹಳೇ ಡಬ್ಬಿ ಒಂದ ಲಾಳಿ, ಒಂದ ಎಳಿ.
ಒಂದ ಸಲಕ್ಕ ಒಬ್ಬರಿಗೆ. ಉಳದವರು ಕಾಯಬೇಕು,
ನಿಮ್ಮ ಹುಡುಗನ ಗೇಮು ಆದಮ್ಯಾಲ ವೈನಿಯವರ ಫೋನು,
ಅದಾದಮ್ಯಾಲ ಗ್ವಾಡಿ.
ಹೊಸಾದು, ಆರನೇದು, ಹಾದಿ ಸಣ್ಣಗ ಸೀಳಿ
ಒಂದ ಹೊಡತಕ್ಕ ನಾಕು ಎಳಿ ಒಯ್ಯತದ, ಯಾರದು ಅವರಿಗೆ.
ಓಣಿಯವರಿಲ್ಲದ ಬ್ಯಾರೆ ಹಾದೀನೂ ಅದ ಅದಕ್ಕ.

ಏಕನಾಥಸಾ ಓದಿದ. ನನ್ನ ಎರಡು ಕಾಗುಣಿತ ತಿದ್ದಿದ.
ಕೆಳಗ ಬರದ:
'ಅಂಥ ಲಾಳಿ ನನಗೂ ಒಂದು ತರ್ರಿ.'

ಬುಧವಾರ ಡಬ್ಬಿ ಹಚ್ಚಿದೆ.
ಪ್ರೊಜೆಕ್ಟರಿನ ಬೆನ್ನಿಗೆ ಬೆರಳುದ್ದದ ಕಡ್ಡಿ, ಅದೂ ಆರನೇದ,
ಇಲ್ಲಾಂದ್ರ ಹೊಸಾ ಡಬ್ಬಿ ಇದ್ದೂ ದಂಡ.
ಮೂರು ಕಂತು. ಮೊದಲನೇದು ಸಕ್ಕರಿ ಡಬ್ಬ್ಯಾಗಿಂದ ಬಂತು,
ನೋಟಿಗೆ ಇರಿವಿ ಹತ್ತಿದ್ದವು.
ಲೈನು ಅದ, ಕಂಬ ಅದ, ಐವತ್ತು ಐವತ್ತೇ;
ಬದಲಾಗಿದ್ದು
ಮನಿಯೊಳಗಿನ ಹನ್ನೊಂದು ಹೆಜ್ಜಿ ಗಾಳಿ.

ಕಂಪನಿ ಆ್ಯಪು ಕಾರಣ ಕೇಳತು:
ವೇಗ, ವೈರು, ಗಿರಾಕಿ ತಪ್ಪು.
ಮೂರರಾಗ ಯಾವುದೂ ಅಲ್ಲ.
ವೈರು ಒತ್ತಿದೆ.

ಶನಿವಾರ ನನಗಲ್ಲಿ ಕೆಲಸ ಇರಲಿಲ್ಲ. ಹೋದೆ.
ಅದ ಕತಿ, ಇವರ ಕೇಳಿಕೊಂಡಿದ್ದರಂತ ಮತ್ತೊಮ್ಮೆ ಹೇಳಂತ.
ಬೆಳಕಿಗೆ ಅಡ್ಡ ಬಂದು ನನ್ನ ನೆರಳು ಬಿತ್ತು;
ಯಾರೋ ನನ್ನ ಅಂಗಿ ಜಗ್ಗಿ ಕೂಡಿಸಿದರು.
ಆಕಿ ಕಿರುಬೆರಳಿನ ಉಗುರ ಬಣ್ಣ ಕೆತ್ತಿ ಹೋಗಿದ್ದು ಸುದ್ದಾ ಕಂಡಿತು.
ಕೊಳ್ಳು ಅಳದ. ಟೇಪು ಸಾಲಲಿಲ್ಲ. ಕತ್ತರಿ ತಗೊಂಡ.
ಎರಡು ಬೆರಳು ಕತ್ತರಿ ಆಗಿದ್ದು
ಹಂಗೇ ಬಾಗಿ ಏನೋ ಆತು, ನನಗ ಹತ್ತಲಿಲ್ಲ,
ಒಂಬತ್ತು ಮಂದಿಯ ಹೆಗಲು ಒಮ್ಮೆಲೆ ಕುಣಿದವು.

'ಕತ್ತರಿ ಅಲ್ಲ ಈಗದು, ಒಂಟಿ ಬಾಯಿ,' ಅಂದಳು ತುಳಜಾಬಾಯಿ.
'ಟೇಪು ನುಂಗಿ, ಲುಂಗಿ ಹಿಡೀತು.'

ಆಗ ನಕ್ಕೆ, ಜೋರಾಗೇ.
ಅವರು ಕತಿಯಾಗ ಭಾಳ ಮುಂದ ಹೋಗಿದ್ದರು.
ಯಾರೂ ಹೊಳ್ಳಿ ನೋಡಲಿಲ್ಲ.